ಜೈರೊಟ್ರಾನ್

ಗ್ರೀಕಿನಲ್ಲಿ ‘ಗೈರೋಸ್’ ಎಂದರೆ ಉಂಗುರ, ಸುತ್ತು. ಅಥೆನ್ಸಿನ ಬೀದಿಗಳಲ್ಲಿ ಸಲಾಕೆಗೆ ಸಿಕ್ಕಿಸಿ ತಿರುಗಿಸುತ್ತ ಸುಡುವ ಮಾಂಸಕ್ಕೂ ಇದೇ ಹೆಸರು. ‘ಟ್ರಾನ್’ ಎಂಬುದು ಎಲೆಕ್ಟ್ರಾನಿನಿಂದ ಕಿತ್ತುಕೊಂಡ ಬಾಲ. ಮ್ಯಾಗ್ನೆಟ್ರಾನ್, ಸೈಕ್ಲೋಟ್ರಾನ್‌ಗಳಿಗೂ ಅದೇ ಅಂಟಿದೆ. ಎರಡೂ ಸೇರಿ ಜೈರೊಟ್ರಾನ್, ಮೈಕ್ರೋವೇವ್ ಹುಟ್ಟಿಸುವ ಒಂದು ಉಪಕರಣ. ರಷ್ಯನ್ನರ ಬಾಯಲ್ಲಿ ಇದು ‘ಗಿರೊಟ್ರಾನ್’. 1960ರ ದಶಕದಲ್ಲಿ ಹುಟ್ಟಿದ್ದೂ ಅವರ ಗೋರ್ಕಿ ನಗರದಲ್ಲೇ. ನಮ್ಮ ‘ಗಿರಗಿರ’ಕ್ಕೆ ಈ ಉಚ್ಚಾರವೇ ಹತ್ತಿರ, ನಂಟೇನೂ ಇಲ್ಲದಿದ್ದರೂ.

ಒಳಗೆ ನಡೆಯುವುದೂ ಗಿರಗಿರವೇ. ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸುರುಳಿ ಸುತ್ತುತ್ತ ಸಾಗುತ್ತವೆ. ಅಲ್ಲಿರುವ ಮೈಕ್ರೋವೇವ್ ತರಂಗದಿಂದ ಶಕ್ತಿ ಪಡೆದ ಎಲೆಕ್ಟ್ರಾನ್ ಐನ್‌ಸ್ಟೈನ್ ಹೇಳಿದಂತೆ ಭಾರವಾಗಿ, ಸುತ್ತುವುದರಲ್ಲಿ ಹಿಂದೆ ಬೀಳುತ್ತದೆ. ಕಳೆದುಕೊಂಡದ್ದು ಹಗುರಾಗಿ ಮುಂದೋಡುತ್ತದೆ. ಹೀಗೆ ಗುಂಪುಗೂಡಿ, ಕೋಲಾಟದವರಂತೆ ಒಂದೇ ಲಯಕ್ಕೆ ಬಂದು, ಶಕ್ತಿಯನ್ನು ಮೈಕ್ರೋವೇವ್ ಆಗಿ ಸುರಿಯುತ್ತವೆ. ತರಂಗದ ಕಂಪನ ಮಾತ್ರ ಅವುಗಳ ಸುತ್ತಿಗಿಂತ ತುಸು ಚುರುಕಾಗಿರಬೇಕು.

ಅಡುಗೆಮನೆಯ ಮೈಕ್ರೋವೇವ್ ಓವನ್ನಿನದು 2.45 ಗಿಗಾಹರ್ಟ್ಸ್, ಒಂದು ಕಿಲೋವ್ಯಾಟಿನ ಆಸುಪಾಸು. ಫ್ರಾನ್ಸಿನ ಐಟರ್ ಸಮ್ಮಿಲನ ರಿಯಾಕ್ಟರಿಗೆಂದು ಮಾಡಿದ ಒಂದೊಂದು ಜೈರೊಟ್ರಾನಿನದು 170 ಗಿಗಾಹರ್ಟ್ಸ್, ಒಂದು ಮೆಗಾವ್ಯಾಟ್. ಅಷ್ಟು ಶಕ್ತಿ ಹೊರಬರುವ ಕಿಟಕಿಗೆ ಗಾಜು ಸಾಲದು. ಕೃತಕ ವಜ್ರದ ಬಿಲ್ಲೆ ಕೂರಿಸುತ್ತಾರೆ.