ಶಾಲೆಯ ದಾರಿ

ಊರಿನ ಶಾಲೆಯ ಚರಿತ್ರೆ ಬರೆಯುವವರು ಕಟ್ಟಡ ಎಂದು ಎದ್ದಿತು, ಜಾಗ ಕೊಟ್ಟ ಮಹನೀಯರು ಯಾರು, ಮೊದಲ ಹೆಡ್ಮಾಸ್ಟರರು ಯಾರು ಎಂಬುದನ್ನೆಲ್ಲ ಶ್ರದ್ಧೆಯಿಂದ ಬರೆಯುತ್ತಾರೆ. ಮಕ್ಕಳು ಯಾವ ದಾರಿಯಲ್ಲಿ ನಡೆದು ಬಂದರೆಂಬುದನ್ನು ಬರೆದವರನ್ನು ನಾನು ಕಾಣೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಟ್ಟಿಗಂತೂ ಇದು ಸಣ್ಣ ಲೋಪವಲ್ಲ.

ನಮ್ಮ ಹಿರಿಯರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ನೀರು ನಿಲ್ಲುವ ತಗ್ಗು ಬೈಲು. ಅದರ ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಘಟ್ಟದ ಮೇಲಿನ ಹಳ್ಳಿಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ತಾಗಿ ನಿಂತಿಲ್ಲ. ತಂತಮ್ಮ ಗದ್ದೆ, ತೋಟಗಳ ಅಂಚಿನಲ್ಲಿ ದೂರ ದೂರ ಇವೆ. ಶಾಲೆಗಳಾದರೋ ಹಲವು ಕಡೆ ಬೇಸಾಯಕ್ಕೆ ಒದಗದ ಪದವಿನ ಮೇಲೆ. ಹೀಗಾಗಿ ಮಗು ಮನೆಯಿಂದ ಇಳಿದು, ಗದ್ದೆಯ ಹುಣಿಯ ಮೇಲೆ ನಡೆದು, ತೋಡು ದಾಟಿ, ಗುಡ್ಡ ಹತ್ತಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ.

ಇಲ್ಲಿ ದಾರಿಗಳೇ ಇರಲಿಲ್ಲವೆಂದಲ್ಲ. 1430ರಲ್ಲಿ ಕೆಲಸ ತೊಡಗಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ, 1604ರಲ್ಲಿ ನಿಂತ ವೇಣೂರಿನ ಗೊಮ್ಮಟನಿಗೂ ಯಾತ್ರಿಕರು ನಡೆದೇ ಬಂದರು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಬಂಟ್ವಾಳ, ಮೂಡುಬಿದಿರೆಗಳನ್ನು ನೋಡಿ ಹೋದನು. ಘಟ್ಟ ಇಳಿದ ಸರಕು ಬಂಟ್ವಾಳದಲ್ಲಿ ದೋಣಿಯೇರಿ ನೇತ್ರಾವತಿಯ ಗುಂಟ ಮಂಗಳೂರು ಸೇರುತ್ತಿತ್ತು. ಮದ್ರಾಸು ಸರಕಾರದ 1871ರ ಲೋಕಲ್ ಫಂಡ್ ಕಾಯಿದೆ ರಸ್ತೆಗೂ ಶಾಲೆಗೂ ಒಂದೇ ಚೀಲದಿಂದ ಹಣ ಒದಗಿಸಿತು. ಚೀಲ ಒಂದಾದರೂ ಅವೆರಡೂ ಕೂಡಲಿಲ್ಲ. ರಸ್ತೆ ಗಾಡಿಯ ಹಿಂದೆ ಹೋಯಿತು; ಶಾಲೆ ಗುಡ್ಡ ಹತ್ತಿತು; ನಡುವಿನ ತೋಡು ಮಗುವಿನ ಪಾಲಿಗೆ ಉಳಿಯಿತು.

ಆ ತೋಡಿಗೆ ಊರವರು ಕಂಡುಕೊಂಡ ಉಪಾಯ ಅಡಿಕೆ ಮರದ ಸಂಕ. ಬೆಳ್ತಂಗಡಿ ಕಡೆಯ ಅಂಥದೊಂದು ಸಂಕ ದಾಟಿಯೇ ನಾನೂ ಅಕ್ಷರ ಕಲಿತವನು. ಆಟಿಯ ಮಳೆಗೆ ಮರ ಪಾಚಿಗಟ್ಟಿ ಜಾರುತ್ತಿತ್ತು. ಅಮ್ಮ ಈಚೆ ದಡದಲ್ಲಿ ನಿಂತು, “ನೀರು ನೋಡಬೇಡ ಮಗಾ, ಎದುರು ನೋಡು” ಎನ್ನುತ್ತಿದ್ದಳು. ಮಧ್ಯಾಹ್ನ ಮೋಡ ಕವಿದರೆ ನಮ್ಮ ಹೆಡ್ಮಾಸ್ಟರರು ಪಾಠ ನಿಲ್ಲಿಸಿ, “ತೋಡಿನಾಚೆಯವರು ಏಳಿ” ಎಂದು ಕೂಗುವರು. ಚಿಕ್ಕವರನ್ನು ದೊಡ್ಡ ಹುಡುಗರ ಕೈಗೊಪ್ಪಿಸಿ ಕಳುಹಿಸುವರು. ಯಾರ ದಾರಿಗೆ ಯಾವ ತೋಡು ಅಡ್ಡ ಎಂಬುದು ಅವರಿಗೆ ಹಾಜರಿ ಪಟ್ಟಿಯಷ್ಟೇ ಬಾಯಿಪಾಠವಾಗಿತ್ತು.

ಸಂಕಗಳ ಕಾಲ ಮುಗಿಯಬೇಕೆಂದು ಬಯಸಿದವರು ಇಲ್ಲದಿಲ್ಲ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅವರು ಕಟ್ಟಿದ ಸೇತುವೆಗಳು ನೂರನ್ನು ಮೀರಿದವು. ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು ಐದನೆಯ ತರಗತಿಯವರೆಗಿನ ಮಕ್ಕಳಿಗೆ 1 ಕಿಲೋಮೀಟರ್, ಎಂಟನೆಯವರೆಗೆ 3 ಕಿಲೋಮೀಟರ್ ನಡಿಗೆಯೊಳಗೆ ಶಾಲೆಯಿರಬೇಕೆಂದವು. ನೆರೆಯ, ಭೂಕುಸಿತದ ಭಯವಿದ್ದಲ್ಲಿ ಈ ಮಿತಿಯನ್ನು ಇನ್ನೂ ತಗ್ಗಿಸಬೇಕೆಂದೂ ಹೇಳಿದವು. ಮಾತು ಒಳ್ಳೆಯದೇ. ಆದರೆ ಕಿಲೋಮೀಟರು ಬೇಸಿಗೆಯ ಅಳತೆ. ಮಳೆಗಾಲದ ಅಳತೆ ತೋಡಿನ ನೀರು. 2019ರ ಆಗಸ್ಟಿನ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆಗಳ ಕಡೆ ಸೇತುವೆಗಳೇ ಕೊಚ್ಚಿಹೋದವು. 2022ರ ಆಗಸ್ಟಿನಲ್ಲಿ, ನಮಗೆ ಉತ್ತರಕ್ಕಿರುವ ಉಡುಪಿ ಜಿಲ್ಲೆಯ ಕಾಲ್ತೋಡಿನಲ್ಲಿ, ಶಾಲೆ ಬಿಟ್ಟು ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ಸುದ್ದಿ ಓದಿದ ದಿನ ನನ್ನ ಅಮ್ಮ ನಿಲ್ಲುತ್ತಿದ್ದ ದಡ ಕಣ್ಣಿಗೆ ಕಟ್ಟಿತು.

ಈಗ ತೋಡಿನ ಜೊತೆಗೆ ರಸ್ತೆಯ ಭಯವೂ ಸೇರಿದೆ. ಬಿ.ಸಿ. ರೋಡಿನಿಂದ ಬೆಳ್ತಂಗಡಿಯತ್ತ 73ನೆಯ ರಾಷ್ಟ್ರೀಯ ಹೆದ್ದಾರಿ, ಬೆಂಗಳೂರಿನತ್ತ 75ನೆಯದು, ಮಂಗಳೂರಿನಿಂದ ಮೂಡುಬಿದಿರೆಗೆ 169ನೆಯದು. ಅಂದು ಎತ್ತಿನ ಗಾಡಿಗೆ ದಾರಿ ಬಿಟ್ಟ ಮಗು ಇಂದು ಲಾರಿ, ಬಸ್ಸುಗಳ ನಡುವೆ ಓಡಬೇಕು. ಪೇಟೆಯಿಂದ ವಾಹನದಲ್ಲಿ ಬಂದು ಹೋಗುವ ಅಧ್ಯಾಪಕರಿಗೆ ಮಕ್ಕಳ ಒಳದಾರಿಗಳ ಪರಿಚಯವಿಲ್ಲದಿದ್ದರೆ ಅದು ಅವರ ತಪ್ಪೂ ಅಲ್ಲ.

ಆದುದರಿಂದ ಅಂದು ಹೆಡ್ಮಾಸ್ಟರರ ತಲೆಯಲ್ಲಿದ್ದುದನ್ನು ಇಂದು ಕಾಗದಕ್ಕಿಳಿಸಬೇಕು. ಶಾಲೆ ತೆರೆಯುವ ಮುಂಚೆ, ಮೇ ತಿಂಗಳಲ್ಲಿ, ಅಧ್ಯಾಪಕರೂ ತಂದೆತಾಯಿಗಳೂ ಪಂಚಾಯತಿನವರೂ ಮಕ್ಕಳನ್ನು ಮುಂದಿಟ್ಟುಕೊಂಡು ಒಂದೊಂದು ದಾರಿಯನ್ನೂ ನಡೆಯಲಿ. ಯಾವ ಸಂಕ ಶಿಥಿಲ, ರಸ್ತೆಯನ್ನು ಎಲ್ಲಿ ದಾಟಬೇಕು, ನೀರೇರಿದರೆ ಯಾರ ಮನೆಯಲ್ಲಿ ನಿಲ್ಲಬೇಕು, ಯಾರ ಜೊತೆಗೆ ಯಾರು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ಗೋಡೆಗೆ ತೂಗುಹಾಕಲಿ. ಸೇತುವೆ ಕಟ್ಟಲು ಹಣ ಬೇಕು, ವರ್ಷಗಳೂ ಬೇಕಾದಾವು. ಈ ಕೆಲಸಕ್ಕೆ ನಾಲ್ಕು ಬೆಳಗು ಸಾಕು. ಮೋಡ ಕವಿದ ಹೊತ್ತಿನಲ್ಲಿ, ನಿನ್ನೆ ಮೊನ್ನೆ ಬಂದ ಅಧ್ಯಾಪಕರೂ ಆ ನಕ್ಷೆ ನೋಡಿ “ತೋಡಿನಾಚೆಯವರು ಏಳಿ” ಎನ್ನುವಂತಾದರೆ ಸಾಕು.