ಹೋಮಾಯಿ ವ್ಯಾರಾವಾಲಾ

ಹೋಮಾಯಿ ವ್ಯಾರಾವಾಲಾ (ಡಿಸೆಂಬರ್ 9, 1913 – ಜನವರಿ 15, 2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಪ್ರಸಿದ್ಧರಾದವರು. 1930ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವೃತ್ತಿಯನ್ನು ಆರಂಭಿಸಿದ ಅವರು 1942ರಿಂದ ಸುಮಾರು ಮೂರು ದಶಕಗಳ ಕಾಲ ದೆಹಲಿಯಲ್ಲಿದ್ದು, ಬ್ರಿಟಿಷ್ ಆಳ್ವಿಕೆಯ ಕೊನೆಯ ದಿನಗಳನ್ನೂ ಸ್ವತಂತ್ರ ಭಾರತದ ಮೊದಲ ವರ್ಷಗಳನ್ನೂ ಕಪ್ಪು-ಬಿಳುಪು ಚಿತ್ರಗಳಲ್ಲಿ ದಾಖಲಿಸಿದರು. ಅವರ ಹಲವು ಚಿತ್ರಗಳು 'ಡಾಲ್ಡಾ 13' ಎಂಬ ಕಾವ್ಯನಾಮದಲ್ಲಿ ಪ್ರಕಟವಾದವು. 1970ರಲ್ಲಿ ವೃತ್ತಿಯನ್ನು ಸ್ವಇಚ್ಛೆಯಿಂದ ತೊರೆದ ಅವರು ನಂತರ ಛಾಯಾಗ್ರಹಣಕ್ಕೆ ಮರಳಲಿಲ್ಲ. 2011ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಬಾಲ್ಯ ಮತ್ತು ಶಿಕ್ಷಣ

ಹೋಮಾಯಿ ಇಂದಿನ ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ದೊಸ್ಸಾಭಾಯಿ ಹಾಥಿರಾಮ್ ಉರ್ದು-ಪಾರ್ಸಿ ನಾಟಕ ಕಂಪನಿಯಲ್ಲಿ ನಟರಾಗಿದ್ದರು. ಕಂಪನಿ ಊರಿಂದೂರಿಗೆ ಸಂಚರಿಸುತ್ತಿದ್ದುದರಿಂದ ಹೋಮಾಯಿಯವರ ಬಾಲ್ಯದ ಒಂದು ಭಾಗ ಅಲೆದಾಟದಲ್ಲೇ ಕಳೆಯಿತು. ನಂತರ ಕುಟುಂಬವು ಮುಂಬಯಿಯಲ್ಲಿ ನೆಲೆಸಿತು. ಹೆಣ್ಣುಮಕ್ಕಳು ಪ್ರೌಢಶಾಲೆಯನ್ನು ಪೂರ್ಣಗೊಳಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಮೆಟ್ರಿಕ್ಯುಲೇಷನ್ ಮುಗಿಸಿ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿದರು. ಸರ್ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಣವನ್ನೂ ಪಡೆದರು. ಚೌಕಟ್ಟಿನೊಳಗೆ ವಸ್ತುಗಳನ್ನು ಹೊಂದಿಸುವ, ಬೆಳಕು-ನೆರಳುಗಳನ್ನು ತೂಗಿ ನೋಡುವ ಅಭ್ಯಾಸಕ್ಕೆ ಈ ಶಿಕ್ಷಣ ತಳಹದಿಯಾಯಿತು.

ಛಾಯಾಗ್ರಹಣಕ್ಕೆ ಪ್ರವೇಶ

ಹದಿಮೂರನೆಯ ವಯಸ್ಸಿನಲ್ಲಿ ಹೋಮಾಯಿಯವರಿಗೆ ಮಾಣೆಕ್‌ಶಾ ವ್ಯಾರಾವಾಲಾ ಅವರ ಪರಿಚಯವಾಯಿತು. ಮಾಣೆಕ್‌ಶಾ ಲೆಕ್ಕಪತ್ರದ ಉದ್ಯೋಗದಲ್ಲಿದ್ದುಕೊಂಡೇ ಛಾಯಾಗ್ರಹಣವನ್ನು ಬೆಳೆಸಿಕೊಂಡಿದ್ದರು. ಆ ಕಾಲದಲ್ಲಿ ಪತ್ರಿಕಾ ಛಾಯಾಗ್ರಹಣವನ್ನು ಕಲಿಸುವ ವ್ಯವಸ್ಥಿತ ಶಿಕ್ಷಣ ಸುಲಭವಾಗಿ ದೊರೆಯುತ್ತಿರಲಿಲ್ಲ. ಕ್ಯಾಮೆರಾ ಹಿಡಿಯುವುದರಿಂದ ಹಿಡಿದು ಡಾರ್ಕ್ ರೂಮಿನಲ್ಲಿ ಫಿಲ್ಮ್ ಸಂಸ್ಕರಿಸುವವರೆಗಿನ ಕೆಲಸವನ್ನು ಹೋಮಾಯಿ ಮಾಣೆಕ್‌ಶಾ ಅವರಿಂದಲೇ ಕಲಿತರು. 1941ರಲ್ಲಿ ಇಬ್ಬರೂ ವಿವಾಹವಾದರು.

ಅವರ ಮೊದಲ ಚಿತ್ರಗಳು 1938ರಲ್ಲಿ 'ಬಾಂಬೆ ಕ್ರಾನಿಕಲ್' ಪತ್ರಿಕೆಯಲ್ಲಿ ಪ್ರಕಟವಾದವು. ಮಹಿಳಾ ಸಂಘವೊಂದರ ವಿಹಾರಕೂಟದ ಆ ಚಿತ್ರಗಳಿಗೆ ತಲಾ ಒಂದು ರೂಪಾಯಿ ಸಂಭಾವನೆ ದೊರೆಯಿತು. ನಂತರ 'ದಿ ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ' ವಾರಪತ್ರಿಕೆಯು ಅವರ ಚಿತ್ರಗಳನ್ನು ನಿಯಮಿತವಾಗಿ ಪ್ರಕಟಿಸತೊಡಗಿತು. ಮುಂಬಯಿಯ ನಿತ್ಯಜೀವನ, ಕಲಾಶಾಲೆಯ ಸಹಪಾಠಿಗಳು, ನಗರದ ಆಧುನಿಕ ಯುವತಿಯರು ಮತ್ತು ಎರಡನೆಯ ಮಹಾಯುದ್ಧದ ಕಾಲದ ನಾಗರಿಕ ಸಿದ್ಧತೆಗಳು ಈ ಅವಧಿಯ ಮುಖ್ಯ ವಸ್ತುಗಳಾಗಿದ್ದವು.

ಆರಂಭದ ಈ ಚಿತ್ರಗಳಲ್ಲಿ ಹಲವು ಹೋಮಾಯಿಯವರ ಹೆಸರಿನಲ್ಲಿ ಅಚ್ಚಾಗದೆ ಮಾಣೆಕ್‌ಶಾ ಅವರ ಹೆಸರಿನಲ್ಲಿ ಅಚ್ಚಾದವು. ಹೋಮಾಯಿ ಆಗ ಅಪರಿಚಿತರಾಗಿದ್ದರು. ಮಹಿಳೆಯೊಬ್ಬರು ವೃತ್ತಿಪರ ಛಾಯಾಗ್ರಾಹಕಿಯಾಗಿರಬಹುದೆಂಬ ಕಲ್ಪನೆಯೂ ಓದುಗರಲ್ಲಿ ಬೇರೂರಿರಲಿಲ್ಲ. ಕ್ಯಾಮೆರಾ ಹಿಡಿದ ಹೆಣ್ಣನ್ನು ಜನರು ಗಂಭೀರವಾಗಿ ಪರಿಗಣಿಸದಿದ್ದುದು ಒಂದು ರೀತಿಯಲ್ಲಿ ಅನುಕೂಲವೂ ಆಯಿತೆಂದು ಅವರು ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಹವ್ಯಾಸಕ್ಕಾಗಿ ಚಿತ್ರ ತೆಗೆಯುತ್ತಿದ್ದಾರೆಂದು ಭಾವಿಸಿ ಜನರು ಸಹಜವಾಗಿಯೇ ಇರುತ್ತಿದ್ದರು, ಹೀಗಾಗಿ ಸಿದ್ಧಭಂಗಿಯಿಲ್ಲದ ಚಿತ್ರಗಳು ದೊರೆಯುತ್ತಿದ್ದವು.

ದೆಹಲಿಯ ವರ್ಷಗಳು

1942ರಲ್ಲಿ ದಂಪತಿಗಳು ದೆಹಲಿಗೆ ತೆರಳಿ ಬ್ರಿಟಿಷ್ ಮಾಹಿತಿ ಸೇವೆಯ ದೂರಪ್ರಾಚ್ಯ ವಿಭಾಗವನ್ನು ಸೇರಿದರು. ಕಚೇರಿಯ ಕೆಲಸದ ಜೊತೆಗೆ ಸ್ವತಂತ್ರವಾಗಿ ಚಿತ್ರ ತೆಗೆಯಲು ಅವರಿಗೆ ಅವಕಾಶವಿತ್ತು. ತಿಂಗಳ ಸಂಬಳವು ಮನೆಯನ್ನು ನಡೆಸಿದರೆ, ಸ್ವತಂತ್ರ ಕೆಲಸವು ಪತ್ರಿಕೆಗಳೊಂದಿಗೆ ನೇರ ಸಂಬಂಧವನ್ನು ಬೆಳೆಸಿತು. ಕನ್ನಾಟ್ ಪ್ಲೇಸ್ ಪ್ರದೇಶವು ಅವರ ವಾಸಕ್ಕೂ ವೃತ್ತಿಗೂ ಕೇಂದ್ರವಾಯಿತು.

ರಾಜಧಾನಿಯ ಪತ್ರಿಕಾ ಛಾಯಾಗ್ರಾಹಕರ ಗುಂಪಿನಲ್ಲಿ ಅವರು ಏಕೈಕ ಮಹಿಳೆಯಾಗಿದ್ದರು. ಸೀರೆಯುಟ್ಟು, ಭಾರವಾದ ಉಪಕರಣಗಳನ್ನು ಹೊತ್ತು, ಬಹುಕಾಲ ಸೈಕಲ್ಲಿನಲ್ಲಿಯೇ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಿದ್ದರು. ಸಂಸತ್ತಿನ ಸಮಾರಂಭಗಳು, ರಾಜತಾಂತ್ರಿಕ ಔತಣಕೂಟಗಳು, ವಿದೇಶೀ ಗಣ್ಯರ ಸ್ವಾಗತ, ಮೆರವಣಿಗೆಗಳು ಮತ್ತು ಅಂತಿಮಯಾತ್ರೆಗಳು ಅವರ ದಿನನಿತ್ಯದ ಕೆಲಸವಾಗಿದ್ದವು. 'ಟೈಮ್' ಮತ್ತು 'ಲೈಫ್' ನಿಯತಕಾಲಿಕಗಳೂ ಅವರ ಚಿತ್ರಗಳನ್ನು ಬಳಸಿದವು.

ಪ್ರಮುಖ ಛಾಯಾಚಿತ್ರಗಳು

1947ರ ಜೂನ್ ತಿಂಗಳಲ್ಲಿ ದೇಶ ವಿಭಜನೆಯ ಯೋಜನೆಯನ್ನು ಒಪ್ಪಿಕೊಳ್ಳಲು ಕಾಂಗ್ರೆಸ್ ನಾಯಕರು ಕೈಯೆತ್ತಿ ಮತ ನೀಡುತ್ತಿರುವ ಚಿತ್ರವು ಅವರ ಅತ್ಯಂತ ಮಹತ್ವದ ದಾಖಲೆಗಳಲ್ಲೊಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಂಪು ಕೋಟೆಯ ಮೇಲೆ ನಡೆದ ಮೊದಲ ಧ್ವಜಾರೋಹಣ, 1948ರ ಜೂನ್‌ನಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ ಭಾರತದಿಂದ ನಿರ್ಗಮಿಸಿದ ಸಂದರ್ಭ ಹಾಗೂ ಮಹಾತ್ಮ ಗಾಂಧಿಯವರ ಅಂತ್ಯಸಂಸ್ಕಾರದ ಚಿತ್ರಗಳೂ ಪ್ರಸಿದ್ಧವಾಗಿವೆ.

ಜವಾಹರಲಾಲ್ ನೆಹರೂ ಅವರ ಕ್ಯಾಮೆರಾಕ್ಕೆ ಅತ್ಯಂತ ಪ್ರಿಯವಾದ ವ್ಯಕ್ತಿಯಾಗಿದ್ದರು. ಪಾರಿವಾಳವನ್ನು ಹಾರಿಬಿಡುತ್ತಿರುವ ನೆಹರೂ, ವಿಮಾನ ನಿಲ್ದಾಣದಲ್ಲಿ ಸೋದರಿ ವಿಜಯಲಕ್ಷ್ಮಿ ಪಂಡಿತ್ ಅವರನ್ನು ಅಪ್ಪಿಕೊಳ್ಳುತ್ತಿರುವ ನೆಹರೂ, ಛಾಯಾಗ್ರಹಣ ನಿಷೇಧಿಸಲಾಗಿದೆ ಎಂಬ ಫಲಕದ ಬಳಿಯೇ ನಿಂತಿರುವ ನೆಹರೂ, ಬ್ರಿಟಿಷ್ ರಾಜತಾಂತ್ರಿಕರ ಪತ್ನಿಯೊಬ್ಬರ ಸಿಗರೇಟು ಹೊತ್ತಿಸುತ್ತಿರುವ ನೆಹರೂ ಹೀಗೆ ಪ್ರಧಾನಿಯ ಹಲವು ಮುಖಗಳು ಈ ಚಿತ್ರಗಳಲ್ಲಿ ಕಾಣುತ್ತವೆ. 1964ರ ಮೇ ತಿಂಗಳಲ್ಲಿ ನೆಹರೂ ನಿಧನರಾದಾಗ ಅವರ ಅಂತಿಮಯಾತ್ರೆಯನ್ನೂ ಹೋಮಾಯಿ ಚಿತ್ರಿಸಿದರು.

1956ರಲ್ಲಿ ಹದಿನಾಲ್ಕನೆಯ ದಲಾಯಿ ಲಾಮಾ ನಾಥು ಲಾ ಕಣಿವೆಮಾರ್ಗದಿಂದ ಮೊದಲ ಬಾರಿಗೆ ಸಿಕ್ಕಿಮನ್ನು ಪ್ರವೇಶಿಸಿದಾಗ 'ಲೈಫ್' ಪತ್ರಿಕೆಗಾಗಿ ಹೋಮಾಯಿ ಅಲ್ಲಿಗೆ ತೆರಳಿದ್ದರು. ಹೋ ಚಿ ಮಿನ್, ರಾಣಿ ಎರಡನೆಯ ಎಲಿಜಬೆತ್ ಮತ್ತು ಜಾಕ್ವೆಲಿನ್ ಕೆನಡಿ ಅವರ ಭಾರತ ಭೇಟಿಗಳೂ ಅವರ ಸಂಗ್ರಹದಲ್ಲಿವೆ.

ತಪ್ಪಿಹೋದ ಚಿತ್ರ

1948ರ ಜನವರಿ 30ರಂದು ಹೋಮಾಯಿ ಗಾಂಧೀಜಿಯವರ ಪ್ರಾರ್ಥನಾಸಭೆಯನ್ನು ಚಿತ್ರೀಕರಿಸಲು ಹೊರಟಿದ್ದರು. ಮತ್ತೊಂದು ದಿನ ಇಬ್ಬರೂ ಜೊತೆಯಾಗಿ ಹೋಗೋಣವೆಂದು ಮಾಣೆಕ್‌ಶಾ ಹೇಳಿದ್ದರಿಂದ ಅವರು ಹಿಂದಿರುಗಿದರು. ಅದೇ ಸಂಜೆ ಗಾಂಧೀಜಿಯವರ ಹತ್ಯೆ ನಡೆಯಿತು. ಆ ದಿನ ಅಲ್ಲಿ ಇರಲಾಗಲಿಲ್ಲವೆಂಬ ಕೊರಗು ಹೋಮಾಯಿಯವರನ್ನು ಜೀವನದುದ್ದಕ್ಕೂ ಕಾಡಿತು. ಪತ್ರಿಕಾ ಛಾಯಾಗ್ರಹಣದಲ್ಲಿ ಕೌಶಲದಷ್ಟೇ ಉಪಸ್ಥಿತಿಯೂ ಮುಖ್ಯವೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

ಡಾಲ್ಡಾ 13

'ಡಾಲ್ಡಾ 13' ಎಂಬ ಕಾವ್ಯನಾಮದ ಹಿಂದೆ ಅಂದು ಪ್ರಚಲಿತವಾಗಿದ್ದ ವನಸ್ಪತಿಯ ಹೆಸರಿನ ಧ್ವನಿ ಇದ್ದರೂ ಅದರ ಮೂಲ ಬೇರೆಯದು. ಹೋಮಾಯಿ ಜನಿಸಿದ್ದು 1913ರಲ್ಲಿ, ಭಾವೀ ಪತಿಯನ್ನು ಭೇಟಿಯಾದದ್ದು 13ನೆಯ ವಯಸ್ಸಿನಲ್ಲಿ, ಅವರ ಮೊದಲ ಕಾರಿನ ನೋಂದಣಿ ಸಂಖ್ಯೆ 'ಡಿಎಲ್‌ಡಿ 13'. ಸಾಮಾನ್ಯವಾಗಿ ಅಶುಭವೆಂದು ಭಾವಿಸಲಾಗುವ ಸಂಖ್ಯೆಯನ್ನು ಅವರು ತಮ್ಮ ಗುರುತಾಗಿ ಆರಿಸಿಕೊಂಡರು. ವೃತ್ತಿಯ ಆರಂಭದಲ್ಲಿ ಪತಿಯ ಹೆಸರಿನಲ್ಲಿ ಪ್ರಕಟವಾಗುತ್ತಿದ್ದ ಛಾಯಾಗ್ರಾಹಕಿಗೆ ಇದು ತಾವೇ ಇಟ್ಟುಕೊಂಡ ಹೆಸರಾಗಿತ್ತು.

ಉಪಕರಣ ಮತ್ತು ಕೆಲಸದ ವಿಧಾನ

ಹೋಮಾಯಿ ಮುಖ್ಯವಾಗಿ ರೋಲಿಫ್ಲೆಕ್ಸ್ ಮತ್ತು ಸ್ಪೀಡ್ ಗ್ರಾಫಿಕ್ ಕ್ಯಾಮೆರಾಗಳನ್ನು ಬಳಸಿದರು. ರೋಲಿಫ್ಲೆಕ್ಸ್ ಎರಡು ಮಸೂರಗಳ ಕ್ಯಾಮೆರಾ. ಮೇಲಿನ ಮಸೂರದಿಂದ ದೃಶ್ಯವನ್ನು ನೋಡಿ, ಕೆಳಗಿನ ಮಸೂರದಿಂದ ಚಿತ್ರವನ್ನು ತೆಗೆಯಲಾಗುತ್ತದೆ. ಅದನ್ನು ಎದೆ ಅಥವಾ ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಾಗುತ್ತದೆ. ಒಂದು ಫಿಲ್ಮ್ ಸುರುಳಿಗೆ 12 ಚೌಕಾಕಾರದ ಚಿತ್ರಗಳು ಮಾತ್ರ ದೊರೆಯುತ್ತವೆ. ಸ್ಪೀಡ್ ಗ್ರಾಫಿಕ್ ಇನ್ನೂ ದೊಡ್ಡದು, ಪ್ರತಿ ಚಿತ್ರಕ್ಕೂ ಬೇರೆ ಹಾಳೆಯನ್ನು ಸಿದ್ಧಪಡಿಸಬೇಕು. ಫ್ಲ್ಯಾಷ್ ಬಲ್ಬುಗಳು ಒಮ್ಮೆ ಉರಿದರೆ ಮತ್ತೆ ಬಳಕೆಗೆ ಬರುತ್ತಿರಲಿಲ್ಲ. ಈ ಮಿತಿಗಳಿಂದಾಗಿ ಒಂದೇ ದೃಶ್ಯವನ್ನು ಹತ್ತಾರು ಬಾರಿ ತೆಗೆದು ಒಂದನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಕ್ಷಣವನ್ನು ಮುಂಚಿತವಾಗಿ ಊಹಿಸಿ, ಸರಿಯಾದ ಸ್ಥಳದಲ್ಲಿ ನಿಂತು ಕಾಯುವುದು ಅನಿವಾರ್ಯವಾಗಿತ್ತು.

ಗಣ್ಯರನ್ನು ಚಿತ್ರಿಸುವಾಗ ಹೋಮಾಯಿ ಸ್ವಯಂ ವಿಧಿಸಿಕೊಂಡ ಮರ್ಯಾದೆಯನ್ನು ಪಾಲಿಸುತ್ತಿದ್ದರು. ವ್ಯಕ್ತಿಯನ್ನು ಹಾಸ್ಯಾಸ್ಪದವಾಗಿ ಅಥವಾ ಕೀಳಾಗಿ ತೋರಿಸುವ ಚಿತ್ರಗಳನ್ನು ಪ್ರಕಟಿಸಲು ಅವರು ಒಪ್ಪುತ್ತಿರಲಿಲ್ಲ. ಸಮಾರಂಭಕ್ಕೆ ತಕ್ಕ ಉಡುಪು, ಗದ್ದಲವಿಲ್ಲದ ನಡವಳಿಕೆ ಮತ್ತು ಕೆಲಸ ಮುಗಿದ ಕೂಡಲೇ ಹಿಂದೆ ಸರಿಯುವ ಶಿಸ್ತನ್ನು ಅವರು ವೃತ್ತಿಯ ಭಾಗವೆಂದೇ ತಿಳಿದಿದ್ದರು. ನಾಯಕರ ಖಾಸಗಿ ಕ್ಷಣಗಳ ಹತ್ತಿರಕ್ಕೆ ಹೋಗಲು ದೊರೆತ ಅವಕಾಶಕ್ಕೆ ಈ ವಿಶ್ವಾಸವೇ ಆಧಾರವಾಗಿತ್ತು. ಇಂದಿನ ದೃಷ್ಟಿಯಿಂದ ನೋಡಿದಾಗ ಈ ಗೌರವವು ಅಧಿಕಾರಸ್ಥರನ್ನು ಪ್ರಶ್ನಿಸುವ ಪತ್ರಿಕಾಧರ್ಮಕ್ಕೆ ಮಿತಿಯಾಗುತ್ತದೆಯೇ ಎಂಬ ಚರ್ಚೆಗೂ ಅವಕಾಶವಿದೆ.

ವೃತ್ತಿತ್ಯಾಗ ಮತ್ತು ನಂತರದ ಜೀವನ

1969ರಲ್ಲಿ ಮಾಣೆಕ್‌ಶಾ ನಿಧನರಾದರು. ಮರುವರ್ಷ ಹೋಮಾಯಿ ಛಾಯಾಗ್ರಹಣವನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಹೊಸ ತಲೆಮಾರಿನ ಕೆಲವು ಛಾಯಾಗ್ರಾಹಕರ ಒರಟು ನಡವಳಿಕೆ ಮತ್ತು ವೃತ್ತಿಯ ಘನತೆ ಕುಸಿಯುತ್ತಿದೆಯೆಂಬ ಬೇಸರವನ್ನು ಅವರು ಇದಕ್ಕೆ ಕಾರಣವಾಗಿ ನೀಡಿದ್ದಾರೆ. ಆಗ ಅವರ ವಯಸ್ಸು 56. ನಂತರದ ನಾಲ್ಕು ದಶಕಗಳಲ್ಲಿ ಅವರು ವೃತ್ತಿಗಾಗಿ ಕ್ಯಾಮೆರಾ ಹಿಡಿಯಲಿಲ್ಲ.

ದೆಹಲಿಯನ್ನು ತೊರೆದು ಅವರು ಮಗ ಫಾರೂಕ್ ಅವರೊಂದಿಗೆ ರಾಜಸ್ಥಾನದ ಪಿಲಾನಿಯಲ್ಲಿ ನೆಲೆಸಿದರು. ಫಾರೂಕ್ ಅಲ್ಲಿನ ಬಿರ್ಲಾ ತಂತ್ರಜ್ಞಾನ ಮತ್ತು ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. 1982ರಲ್ಲಿ ಕುಟುಂಬವು ವಡೋದರಾಕ್ಕೆ ಬಂದಿತು. 1989ರಲ್ಲಿ ಮಗ ಕ್ಯಾನ್ಸರಿನಿಂದ ತೀರಿಕೊಂಡ ಬಳಿಕ ಹೋಮಾಯಿ ಅಲ್ಲಿಯೇ ಒಂಟಿಯಾಗಿ, ಮನೆಗೆಲಸವನ್ನೂ ತೋಟವನ್ನೂ ತಾವೇ ನೋಡಿಕೊಳ್ಳುತ್ತ ಬದುಕಿದರು. ಅವರು ಯಾರೆಂಬುದು ನೆರೆಹೊರೆಯ ಅನೇಕರಿಗೆ ತಿಳಿದಿರಲಿಲ್ಲ.

ಸಂಗ್ರಹ ಮತ್ತು ಮರುಪರಿಚಯ

ಹೋಮಾಯಿಯವರ ಚಿತ್ರಗಳು ಜನಜನಿತವಾಗಿದ್ದರೂ ಅವುಗಳನ್ನು ತೆಗೆದವರ ಹೆಸರು ದೀರ್ಘಕಾಲ ಮರೆಯಲ್ಲಿತ್ತು. ಚಲನಚಿತ್ರ ನಿರ್ಮಾಪಕಿ ಹಾಗೂ ಅಧ್ಯಾಪಕಿ ಸಬೀನಾ ಗಡಿಹೊಕೆ ಅವರ 'ಥ್ರೀ ವಿಮೆನ್ ಅಂಡ್ ಎ ಕ್ಯಾಮೆರಾ' ಸಾಕ್ಷ್ಯಚಿತ್ರವು (1998) ಹೋಮಾಯಿಯವರನ್ನು ಶೀಬಾ ಛಾಛಿ ಮತ್ತು ದಯಾನಿತಾ ಸಿಂಗ್ ಅವರೊಂದಿಗೆ ಹೊಸ ಪೀಳಿಗೆಗೆ ಪರಿಚಯಿಸಿತು. 2006ರಲ್ಲಿ ಗಡಿಹೊಕೆ ಬರೆದ 'ಇಂಡಿಯಾ ಇನ್ ಫೋಕಸ್: ಕ್ಯಾಮೆರಾ ಕ್ರಾನಿಕಲ್ಸ್ ಆಫ್ ಹೋಮಾಯಿ ವ್ಯಾರಾವಾಲಾ' ಗ್ರಂಥವು ಪ್ರಕಟವಾಯಿತು. ಹೋಮಾಯಿ ತಮ್ಮ ಸಂಗ್ರಹವನ್ನು ದೆಹಲಿಯ ಅಲ್ಕಾಜಿ ಕಲಾ ಪ್ರತಿಷ್ಠಾನಕ್ಕೆ ಒಪ್ಪಿಸಿದರು. 2010ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ಏರ್ಪಟ್ಟಿತು.

ನೆಗೆಟಿವ್‌ಗಳು, ದಿನಾಂಕ, ಸ್ಥಳ ಮತ್ತು ವ್ಯಕ್ತಿಗಳ ವಿವರಗಳೊಂದಿಗೆ ಉಳಿದಾಗ ಮಾತ್ರ ಪತ್ರಿಕಾ ಚಿತ್ರವು ಇತಿಹಾಸದ ಆಕರವಾಗುತ್ತದೆ. ಛಾಯಾಗ್ರಾಹಕರು ಜೀವಂತವಾಗಿರುವಾಗಲೇ ಸಂಗ್ರಹವು ಸಂಸ್ಥೆಯೊಂದರ ವಶಕ್ಕೆ ಬಂದುದು ಈ ದೃಷ್ಟಿಯಿಂದ ಮುಖ್ಯವಾಗಿದೆ.

ಹೆಸರು ಮತ್ತು ಕೃತಿಸ್ವಾಮ್ಯ

ಛಾಯಾಗ್ರಾಹಕರ ಹೆಸರು ಮತ್ತು ಹಕ್ಕಿನ ಪ್ರಶ್ನೆಯನ್ನು ಭಾರತದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮವು ನಿಯಂತ್ರಿಸುತ್ತದೆ. ಅದರ ಪ್ರಕಾರ ಛಾಯಾಚಿತ್ರವನ್ನು ತೆಗೆದವರೇ ಅದರ ಕರ್ತೃ, ಸಾಮಾನ್ಯವಾಗಿ ಅವರೇ ಮೊದಲ ಹಕ್ಕುದಾರರು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ತೆಗೆದ ಚಿತ್ರದ ಹಕ್ಕು ಉದ್ಯೋಗದಾತರಿಗೆ ಸೇರುತ್ತದೆ. ಪತ್ರಿಕೆಯ ನೌಕರರಾಗಿ ತೆಗೆದ ಚಿತ್ರದಲ್ಲಿ ಮಾಲೀಕರ ಹಕ್ಕು ಪತ್ರಿಕಾ ಪ್ರಕಟಣೆಗೆ ಸಂಬಂಧಿಸಿದಷ್ಟಕ್ಕೆ ಸೀಮಿತ. ಹಣ ನೀಡಿ ತೆಗೆಸಿದ ಚಿತ್ರದ ಹಕ್ಕು ತೆಗೆಸಿದವರಿಗೆ ಸೇರುತ್ತದೆ. ಹಕ್ಕನ್ನು ಬಿಟ್ಟುಕೊಟ್ಟ ನಂತರವೂ ತಾನೇ ಕರ್ತೃವೆಂದು ಹೇಳಿಕೊಳ್ಳುವ ವಿಶೇಷ ಹಕ್ಕನ್ನು 57ನೆಯ ಕಲಂ ಉಳಿಸಿಕೊಡುತ್ತದೆ. 2012ರ ತಿದ್ದುಪಡಿಯು ಛಾಯಾಚಿತ್ರಗಳಿಗೆ ಇದ್ದ ಪ್ರತ್ಯೇಕ ಅವಧಿಯನ್ನು ತೆಗೆದುಹಾಕಿ, ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳ ರಕ್ಷಣೆಯನ್ನು ಒದಗಿಸಿತು. ಹೋಮಾಯಿ ತಮ್ಮ ಮೊದಲ ಚಿತ್ರಗಳನ್ನು ಪ್ರಕಟಿಸಿದ ಕಾಲದಲ್ಲಿ ಈ ಅಧಿನಿಯಮ ಇನ್ನೂ ಜಾರಿಗೆ ಬಂದಿರಲಿಲ್ಲ.

ಪ್ರಶಸ್ತಿಗಳು, ನಿಧನ ಮತ್ತು ಸ್ಮರಣೆ

2010ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಹೋಮಾಯಿಯವರಿಗೆ ಜೀವಮಾನ ಸಾಧನೆಗಾಗಿ ರಾಷ್ಟ್ರೀಯ ಛಾಯಾಗ್ರಹಣ ಪ್ರಶಸ್ತಿಯನ್ನು ನೀಡಿತು. 2011ರಲ್ಲಿ ದೇಶದ ಎರಡನೆಯ ಅತ್ಯುನ್ನತ ನಾಗರಿಕ ಪ್ರಶಸ್ತಿಯಾದ ಪದ್ಮವಿಭೂಷಣ ದೊರೆಯಿತು. 2012ರ ಜನವರಿ 15ರಂದು, 98ನೆಯ ವಯಸ್ಸಿನಲ್ಲಿ, ಅವರು ವಡೋದರಾದಲ್ಲಿ ನಿಧನರಾದರು. ಅವರ ಜನ್ಮದಿನವಾದ 2017ರ ಡಿಸೆಂಬರ್ 9ರಂದು ಗೂಗಲ್ ಸಂಸ್ಥೆಯು ಡೂಡಲ್ ಪ್ರಕಟಿಸಿ ಅವರನ್ನು ಸ್ಮರಿಸಿತು.

ಹೋಮಾಯಿ ವ್ಯಾರಾವಾಲಾ ಅವರ ನಂತರ ಭಾರತದಲ್ಲಿ ಅನೇಕ ಮಹಿಳೆಯರು ಪತ್ರಿಕಾ ಛಾಯಾಗ್ರಹಣವನ್ನು ವೃತ್ತಿಯಾಗಿ ಸ್ವೀಕರಿಸಿದ್ದಾರೆ. ವಿಭಜನೆ, ಸ್ವಾತಂತ್ರ್ಯ ಮತ್ತು ನೆಹರೂ ಯುಗದ ಅಧ್ಯಯನದಲ್ಲಿ ಅವರ ಚಿತ್ರಗಳು ಪಠ್ಯ, ಪ್ರದರ್ಶನ ಮತ್ತು ಸಾಕ್ಷ್ಯಚಿತ್ರಗಳ ಮೂಲಕ ಇಂದಿಗೂ ಬಳಕೆಯಲ್ಲಿವೆ.