ಶಿಶುರಕ್ಷಣೆಯೂ ಲೋಕಶಿಕ್ಷಣವೂ

ಶಿಶುಗಳನ್ನು ಹಿಂಸೆಯಿಂದ ಕಾಪಾಡುವುದು ರಾಜಧರ್ಮವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ರಾಜನ ದೃಷ್ಟಿಯು ಮನೆಯ ಹೊಸ್ತಿಲಿನವರೆಗೆ ಮಾತ್ರ ಹೋಗಬಲ್ಲದು. ಅದರ ಒಳಗೆ ನಡೆಯುವುದನ್ನು ಅರಿಯತಕ್ಕವರು ಮನೆಯವರು, ನೆರೆಯವರು, ಉಪಾಧ್ಯಾಯರು. ಇವರಿಗೆ ತಿಳಿವಳಿಕೆಯಿಲ್ಲದಿದ್ದರೆ ಶಾಸನವು ಪುಸ್ತಕದಲ್ಲಿಯೇ ಉಳಿಯುತ್ತದೆ. ಇದಕ್ಕೆ ಇತಿಹಾಸದಲ್ಲಿ ಸ್ಪಷ್ಟವಾದ ನಿದರ್ಶನವೊಂದುಂಟು.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮೇರಿ ಎಲೆನ್ ಎಂಬ ಹತ್ತು ವರ್ಷದ ಬಾಲಿಕೆಯಿದ್ದಳು. ಸಾಕುತಾಯಿಯು ಆಕೆಯನ್ನು ನಿತ್ಯವೂ ಹೊಡೆಯುತ್ತಿದ್ದಳು. ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಒತ್ತೊತ್ತಾದ ಬಾಡಿಗೆಯ ಮನೆಗಳಲ್ಲಿ ಆ ರೋದನವು ಅಕ್ಕಪಕ್ಕದವರಿಗೆ ಕೇಳಿಸುತ್ತಲೇ ಇದ್ದಿತು. ಬಡವರ ಮನೆಗಳನ್ನು ಸಂದರ್ಶಿಸುತ್ತಿದ್ದ ಎಟ್ಟಾ ವ್ಹೀಲರ್ ಎಂಬ ಮಹಿಳೆಗೆ ಈ ಸಂಗತಿಯು ನೆರೆಯವರಿಂದ ತಿಳಿಯಿತು. ಆಕೆಯು ಒಂದು ನೆಪದಿಂದ ಆ ಮನೆಯನ್ನು ಹೊಕ್ಕು, ಚಳಿಗಾಲದಲ್ಲಿ ಬರಿಗಾಲಿನಲ್ಲಿ ನಿಂತಿದ್ದ ಮಗುವನ್ನೂ ಅದರ ಮೈಮೇಲಿನ ಬಾಸುಂಡೆಗಳನ್ನೂ ಕಣ್ಣಾರೆ ಕಂಡಳು. ಹಲವರನ್ನು ಮೊರೆಹೊಕ್ಕರೂ, ಸಾಕ್ಷ್ಯವೆಲ್ಲಿ, ಅಧಿಕಾರವೆಲ್ಲಿ ಎಂಬ ಉತ್ತರವೇ ದೊರೆಯಿತು. ಕಡೆಗೆ, 1866ರಲ್ಲಿ ಪ್ರಾಣಿಹಿಂಸಾನಿವಾರಣ ಸಂಘವನ್ನು ಸ್ಥಾಪಿಸಿದ್ದ ಹೆನ್ರಿ ಬರ್ಗ್ ಎಂಬವರು ಕಿವಿಗೊಟ್ಟರು. ಅವರ ವಕೀಲರಾದ ಎಲ್‌ಬ್ರಿಡ್ಜ್ ಗೆರ್ರಿಯವರು ನ್ಯಾಯಾಲಯದ ಆಜ್ಞೆಯನ್ನು ಪಡೆದರು. 1874ರ ಏಪ್ರಿಲ್ 9ರಂದು ಮಗುವನ್ನು ನ್ಯಾಯಾಧೀಶರ ಮುಂದೆ ತಂದರು. ಸಾಕುತಾಯಿಗೆ ಒಂದು ವರ್ಷದ ಶಿಕ್ಷೆಯಾಯಿತು.

ಆ ಮಗುವನ್ನು ಪ್ರಾಣಿಯೆಂದು ವಾದಿಸಿ ಬಿಡಿಸಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಅದು ನಿಜವಲ್ಲ. ಮಗುವನ್ನು ಕಾಯಬಲ್ಲ ಕಾನೂನು ಆಗಲೂ ಇದ್ದಿತು. ಅದನ್ನು ಎಚ್ಚರಿಸತಕ್ಕ ಜನರು ಮಾತ್ರ ಇರಲಿಲ್ಲ. ಅನಂತರ ಆ ನಗರದಲ್ಲಿಯೂ, 1883ರಲ್ಲಿ ಲಿವರ್‌ಪೂಲಿನಲ್ಲಿಯೂ, 1884ರಲ್ಲಿ ಲಂಡನ್ನಿನಲ್ಲಿಯೂ ಶಿಶುರಕ್ಷಣ ಸಂಘಗಳು ಹುಟ್ಟಿದವು. 1889ರಲ್ಲಿ ಬ್ರಿಟಿಷ್ ಶಾಸನವಾಯಿತು. ಆದರೂ 1962ರಲ್ಲಿ ಹೆನ್ರಿ ಕೆಂಪ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಲೇಖನ ಬರೆದು, ಮಕ್ಕಳ ಮುರಿದ ಎಲುಬುಗಳಿಗೆ ಹೆತ್ತವರ ಪೆಟ್ಟೇ ಕಾರಣವಾಗಿರಬಹುದೆಂದು ವೈದ್ಯಲೋಕಕ್ಕೇ ಬೋಧಿಸಬೇಕಾಯಿತು. ನೋಡುವುದು ಬೇರೆ, ಕಾಣುವುದು ಬೇರೆ.

ನಮ್ಮ ದೇಶದ ಸ್ಥಿತಿಯೇನು? ಕೇಂದ್ರಸರ್ಕಾರವು 13 ರಾಜ್ಯಗಳಲ್ಲಿ ನಡೆಯಿಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿಚಾರಿಸಿದ ಮಕ್ಕಳ ಪೈಕಿ ಶೇಕಡ 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ದೋಷಿಗಳಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಇಲ್ಲವೇ ನಂಬಿಕೆಯ ಸ್ಥಾನದಲ್ಲಿದ್ದವರು. 2012ರ ಪೋಕ್ಸೊ ಕಾಯಿದೆಯು ಇಂತಹ ಸಂಗತಿಯನ್ನು ತಿಳಿದ ಪ್ರತಿಯೊಬ್ಬರೂ ವರದಿ ಮಾಡಬೇಕೆಂದು ವಿಧಿಸಿದೆ. ಸದ್ಭಾವದಿಂದ ತಿಳಿಸಿದವರಿಗೆ ರಕ್ಷಣೆಯಿತ್ತಿದೆ. ಜನರಿಗೆ ಇದನ್ನು ತಿಳಿಯಪಡಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಶಾಸನಕರ್ತರೇ ಲೋಕಶಿಕ್ಷಣದ ಅಗತ್ಯವನ್ನು ಒಪ್ಪಿದಂತಾಯಿತು.

ಈ ಶಿಕ್ಷಣವು ಕಠಿಣವಾದುದಲ್ಲ. ಮಗುವಿಗೆ ಅದರ ಅಂಗಾಂಗಗಳ ಹೆಸರನ್ನು ಸಂಕೋಚವಿಲ್ಲದೆ ಹೇಳಿಕೊಡಬೇಕು. ಒಲ್ಲದ ಸ್ಪರ್ಶವನ್ನು ಬೇಡವೆನ್ನಲು, ಅಲ್ಲಿಂದ ಓಡಿಹೋಗಲು, ನಂಬಿದವರಿಗೆ ಹೇಳಲು ಕಲಿಸಬೇಕು. ಮುಟ್ಟಿದವನು ಬಂಧುವಾದರೂ, ಗುರುವಾದರೂ ಸರಿಯೆ. ಹಿರಿಯರು ಕಲಿಯಬೇಕಾದುದು ಇನ್ನೂ ಹೆಚ್ಚು. ಮಗುವು ಬಾಯಿಬಿಟ್ಟಾಗ ಗದರಬಾರದು, ಮಾನದ ಭಯದಿಂದ ಬಾಯಿ ಮುಚ್ಚಿಸಬಾರದು. ಕೇಳಿ, ನಂಬಿ, ತಕ್ಕವರಿಗೆ ತಿಳಿಸಬೇಕು. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡುವುದು ಯಾರಿಗೂ ಅಸಾಧ್ಯವಲ್ಲ.

ಇದನ್ನು ಬೋಧಿಸುವ ಅರ್ಹತೆ ನನಗೆ ಪೂರ್ತಿಯಾಗಿ ಇಲ್ಲ. ತಾಡನದಲ್ಲಿ ಗುಣವುಂಟೆಂಬ ನೀತಿಶ್ಲೋಕವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಬೆಳೆದವನು ನಾನು. ನನ್ನ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಬಾಲಕನೊಬ್ಬನು ಒಂದು ವರ್ಷ ಇದ್ದಕ್ಕಿದ್ದಂತೆ ಮೂಕನಂತಾದನು. ಪಾಠದಲ್ಲಿ ಗಮನವಿಲ್ಲವೆಂದು ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಏಕಪ್ಪಾ ಎಂದು ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಅವನು ಶಾಲೆಯನ್ನೇ ಬಿಟ್ಟನು. ಕಾರಣವು ಇಂದಿಗೂ ನನಗೆ ತಿಳಿಯದು. ಕೇಳಿದ್ದರೆ ತಿಳಿಯುತ್ತಿತ್ತೋ ಏನೋ.

ಮೇರಿ ಎಲೆನ್ ಮುಂದೆ ಗೃಹಿಣಿಯಾಗಿ, ಮಕ್ಕಳ ತಾಯಿಯಾಗಿ, ತುಂಬುಬಾಳನ್ನು ಬಾಳಿ 1956ರಲ್ಲಿ ತೀರಿಕೊಂಡಳು. ತನ್ನ ಮಗಳೊಬ್ಬಳಿಗೆ ಎಟ್ಟಾ ಎಂದು ಹೆಸರಿಟ್ಟಿದ್ದಳು. ನಮ್ಮ ನೆರೆಯಲ್ಲಿ ಮಗುವೊಂದು ಅತ್ತಾಗ ನಾವು ಬಾಗಿಲು ತಟ್ಟುವೆವೋ, ನಮ್ಮ ಬಾಗಿಲನ್ನು ಮುಚ್ಚಿಕೊಳ್ಳುವೆವೋ? ಇದನ್ನು ವಾಚಕ ಮಹಾಶಯರು ತಮ್ಮ ತಮ್ಮ ಮನೆಗಳಲ್ಲಿ ಆಲೋಚಿಸಬೇಕೆಂದು ಬೇಡುತ್ತೇನೆ.